ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಮನೆ ಅಭ್ಯಾಸಕ್ಕಾಗಿ ಉಪಕರಣಗಳ ಎರವಲು: ಅಮೆರಿಕಕ್ಕೆ ತೆರಳುವ ಕನ್ನಡಿಗ ಕುಟುಂಬಗಳಿಗೆ ಮಾಹಿತಿ

ಪೀಠಿಕೆ

ಉದ್ಯೋಗನಿಮಿತ್ತ ಅಮೆರಿಕಕ್ಕೆ ತೆರಳುವ ಕುಟುಂಬಗಳ ಅನೇಕ ಮಕ್ಕಳು ಅಲ್ಲಿನ ಸಾರ್ವಜನಿಕ ಶಾಲೆಗಳಿಗೆ ಸೇರುತ್ತಾರೆ. ಇಂಗ್ಲಿಷ್‌ನಲ್ಲಿ ನಡೆಯುವ ಪಾಠವನ್ನು ಗ್ರಹಿಸಲು ನೆರವಿನ ಅಗತ್ಯವಿರುವ ಮಕ್ಕಳನ್ನು ಅಲ್ಲಿ ‘ಇಂಗ್ಲಿಷ್ ಕಲಿಕಾರ್ಥಿ’ಗಳೆಂದು ಗುರುತಿಸಲಾಗುತ್ತದೆ. ಇವರು ಮನೆಯಲ್ಲಿಯೂ ಅಭ್ಯಾಸ ಮಾಡಲು ಅನುವಾಗುವಂತೆ ಅನೇಕ ಶಾಲಾ ಜಿಲ್ಲೆಗಳು (ಸ್ಥಳೀಯ ಶಾಲಾ ಆಡಳಿತ ಸಂಸ್ಥೆಗಳು) ಟ್ಯಾಬ್ಲೆಟ್, ಕ್ರೋಮ್‌ಬುಕ್ ಮುಂತಾದವುಗಳನ್ನು ಎರವಲಾಗಿ ನೀಡುತ್ತವೆ. ಕರಾರುಪತ್ರದ ಭಾಷೆ ಅರ್ಥವಾಗದೆ ಅಥವಾ ದಂಡ ತೆರಬೇಕಾದೀತೆಂಬ ಅಂಜಿಕೆಯಿಂದ ಪೋಷಕರು ಈ ಸೌಲಭ್ಯವನ್ನು ನಿರಾಕರಿಸಿದಲ್ಲಿ ನಷ್ಟವಾಗುವುದು ಮಗುವಿನ ಕಲಿಕೆಗೇ. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಾನೂನಿನ ಆಧಾರ

1974ರಲ್ಲಿ ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಇಂಗ್ಲಿಷ್ ತಿಳಿಯದ ಮಕ್ಕಳಿಗೆ ಇತರರಂತೆಯೇ ಪುಸ್ತಕ ಹಾಗೂ ಶಿಕ್ಷಕರನ್ನು ಒದಗಿಸಿದ ಮಾತ್ರಕ್ಕೆ ಸಮಾನತೆ ದೊರೆತಂತಾಗುವುದಿಲ್ಲವೆಂದು ತೀರ್ಪಿತ್ತಿತು. ಇದಕ್ಕೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಆಧಾರವಾಗಿತ್ತು. ಇಂತಹ ಮಕ್ಕಳಿಗೆ ಭಾಷಾ ನೆರವು ನೀಡುವುದು ಶಾಲೆಯ ಕರ್ತವ್ಯ. ಆದರೆ ಉಪಕರಣವನ್ನು ಎರವಲು ನೀಡಲೇಬೇಕೆಂಬ ಕೇಂದ್ರ ಕಾನೂನು ಇರುವುದಿಲ್ಲ; ಅದರ ನಿಯಮಗಳನ್ನು ಆಯಾ ಶಾಲಾ ಜಿಲ್ಲೆಯೇ ರೂಪಿಸುತ್ತದೆ.

ಗುರುತಿಸುವ ವಿಧಾನ

ದಾಖಲಾತಿಯ ಸಮಯದಲ್ಲಿ ಮನೆಮಾತಿನ ಬಗ್ಗೆ ಪ್ರಶ್ನಾವಳಿಯೊಂದನ್ನು ನೀಡಲಾಗುತ್ತದೆ. ಮನೆಮಾತು ಕನ್ನಡವೆಂದು ನಮೂದಿಸಿದಲ್ಲಿ ಮಗುವಿನ ಇಂಗ್ಲಿಷ್ ಸಾಮರ್ಥ್ಯವನ್ನು ಪರೀಕ್ಷಿಸಲಾಗುತ್ತದೆ. ಕರ್ನಾಟಕದಲ್ಲಿ ಆಂಗ್ಲ ಮಾಧ್ಯಮದಲ್ಲಿ ಓದಿದ ಮಗುವಿಗೂ ಈ ಪರೀಕ್ಷೆ ಇರಬಹುದು. ಇದು ಮಗುವಿನ ಬುದ್ಧಿಮತ್ತೆಯ ಅಳತೆಯಲ್ಲ. ಪರೀಕ್ಷೆಯನ್ನು ತಪ್ಪಿಸುವ ಉದ್ದೇಶದಿಂದ ಮನೆಮಾತು ಇಂಗ್ಲಿಷ್ ಎಂದು ಬರೆದಲ್ಲಿ, ಅಗತ್ಯವಿರುವ ಮಗುವು ನೆರವಿನಿಂದ ವಂಚಿತವಾಗುವ ಸಂಭವವಿದೆ.

ಶಾಲಾ ವರ್ಷದ ಆರಂಭದ 30 ದಿನಗಳೊಳಗೆ ಪೋಷಕರಿಗೆ ಈ ಕುರಿತು ತಿಳುವಳಿಕೆ ಪತ್ರ ನೀಡಬೇಕಾಗುತ್ತದೆ. ಸಾಧ್ಯವಿದ್ದಷ್ಟು ಮಟ್ಟಿಗೆ ಅದು ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು 2015ರ ಶಿಕ್ಷಣ ಕಾಯ್ದೆಯು ವಿಧಿಸುತ್ತದೆ.

ಉಪಕರಣ ಪಡೆಯುವ ವಿಧಾನ

1. ಇಂಗ್ಲಿಷ್ ಕಲಿಕಾರ್ಥಿಗಳ ಶಿಕ್ಷಕರನ್ನು ಅಥವಾ ಶಾಲಾ ಕಚೇರಿಯನ್ನು ಸಂಪರ್ಕಿಸಿ, ಮನೆಯಲ್ಲಿ ಉಪಕರಣ ಅಥವಾ ಇಂಟರ್ನೆಟ್ ಇಲ್ಲದಿರುವುದನ್ನು ತಿಳಿಸುವುದು.

2. ಕರಾರುಪತ್ರ ಅರ್ಥವಾಗದಿದ್ದಲ್ಲಿ ಸಹಿ ಮಾಡುವ ಮುನ್ನ ಕನ್ನಡ ದುಭಾಷಿಯ ನೆರವು ಕೋರುವುದು. ಕನ್ನಡ ಬಲ್ಲ ಸಿಬ್ಬಂದಿ ಇಲ್ಲದ ಕಡೆ ದೂರವಾಣಿಯ ಮೂಲಕ ದುಭಾಷಿ ಸೇವೆ ಲಭ್ಯವೇ ಎಂದು ವಿಚಾರಿಸುವುದು. ಮಗುವನ್ನೇ ದುಭಾಷಿಯಾಗಿ ಬಳಸುವುದು ಸೂಕ್ತವಲ್ಲ.

3. ಉಪಕರಣದ ಗುರುತಿನ ಸಂಖ್ಯೆ, ಚಾರ್ಜರ್ ಹಾಗೂ ಈಗಾಗಲೇ ಇರುವ ಗೀರು, ಬಿರುಕುಗಳನ್ನು ಪರಿಶೀಲಿಸಿ, ರಸೀದಿಯಲ್ಲಿ ನಮೂದಿಸಿಕೊಳ್ಳುವುದು.

ಸಹಿಗೆ ಮುನ್ನ ತಿಳಿಯಬೇಕಾದ ಅಂಶಗಳು

ಹಾನಿ ಅಥವಾ ಕಳವು ಸಂಭವಿಸಿದಲ್ಲಿ ಪೋಷಕರು ಭರಿಸಬೇಕಾದ ಮೊತ್ತವೆಷ್ಟು, ವಿಮೆ ಐಚ್ಛಿಕವೋ ಕಡ್ಡಾಯವೋ, ಕಡಿಮೆ ಆದಾಯದ ಕುಟುಂಬಗಳಿಗೆ ರಿಯಾಯಿತಿ ಇದೆಯೇ ಎಂಬುದನ್ನು ಕೇಳಿ ತಿಳಿಯತಕ್ಕದ್ದು. ಕೇಂದ್ರದ ಇಂಟರ್ನೆಟ್ ರಿಯಾಯಿತಿ ಪಡೆಯುವ ಶಾಲೆಗಳು ಮಕ್ಕಳಿಗೆ ಹಾನಿಕರವಾದ ದೃಶ್ಯಗಳನ್ನು ತಡೆಯುವ ತಂತ್ರಾಂಶ ಅಳವಡಿಸುವುದು 2000ದ ಕಾಯ್ದೆಯಂತೆ ಕಡ್ಡಾಯ. ಉಪಕರಣದ ಬಳಕೆಯನ್ನು ಶಾಲೆಯು ಗಮನಿಸಬಹುದಾದ್ದರಿಂದ, ಕುಟುಂಬದ ಬ್ಯಾಂಕ್ ವ್ಯವಹಾರ ಅಥವಾ ವೀಸಾ ಅರ್ಜಿಗಳಿಗೆ ಅದನ್ನು ಬಳಸದಿರುವುದು ಉತ್ತಮ.

ಇಂಟರ್ನೆಟ್ ಸಂಪರ್ಕ

ಕೋವಿಡ್ ಅವಧಿಯಲ್ಲಿ, 2021ರಲ್ಲಿ, ಶಾಲೆ ಹಾಗೂ ಗ್ರಂಥಾಲಯಗಳು ಉಪಕರಣ ಮತ್ತು ಸಂಪರ್ಕ ಒದಗಿಸಲು 717 ಕೋಟಿ ಡಾಲರ್‌ಗಳ ಕೇಂದ್ರ ನಿಧಿ ಸ್ಥಾಪನೆಯಾಗಿತ್ತು. ಅದು 2024ರ ಜೂನ್‌ನಲ್ಲಿ ಮುಕ್ತಾಯಗೊಂಡಿತು. ಕುಟುಂಬಗಳ ಇಂಟರ್ನೆಟ್ ಶುಲ್ಕಕ್ಕೆ ನೀಡಲಾಗುತ್ತಿದ್ದ ಮಾಸಿಕ 30 ಡಾಲರ್‌ವರೆಗಿನ ನೆರವೂ ಅದೇ ವರ್ಷ ನಿಂತಿತು. ಆದ್ದರಿಂದ ಹಾಟ್‌ಸ್ಪಾಟ್ ಎರವಲು ಈಗಲೂ ಇದೆಯೇ ಎಂಬುದನ್ನು ಶಾಲೆಯಲ್ಲಿ ಹಾಗೂ ಸಮೀಪದ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸತಕ್ಕದ್ದು. ಸಂಪರ್ಕವಿಲ್ಲದ ಮನೆಗಳಿಗಾಗಿ, ಪಾಠಗಳನ್ನು ಶಾಲೆಯಲ್ಲಿಯೇ ಡೌನ್‌ಲೋಡ್ ಮಾಡಿಕೊಡುವಂತೆ ಶಿಕ್ಷಕರನ್ನು ಕೋರಬಹುದು.

ಮನೆಯಲ್ಲಿ ಬಳಕೆ

ಇಂಗ್ಲಿಷ್ ಕಲಿಕಾರ್ಥಿಗಳಿಗೆ ಪ್ರತಿವರ್ಷ ಕೇಳುವಿಕೆ, ಮಾತು, ಓದು ಮತ್ತು ಬರಹ ಈ ನಾಲ್ಕರಲ್ಲೂ ಪರೀಕ್ಷೆ ನಡೆಯುತ್ತದೆ. ಪಾಠವನ್ನು ಮತ್ತೆ ಮತ್ತೆ ಕೇಳಲು, ಮಗುವು ತನ್ನ ಮಾತನ್ನು ಧ್ವನಿಮುದ್ರಿಸಿ ತಿದ್ದಿಕೊಳ್ಳಲು ಉಪಕರಣವು ಸಹಕಾರಿ. ಇಂಗ್ಲಿಷ್ ಬಾರದ ಪೋಷಕರು, ಮಗು ಓದಿದ್ದನ್ನು ಕನ್ನಡದಲ್ಲಿ ಹೇಳಿಸಿ ಕೇಳಿದರೂ ಅದು ಕಲಿಕೆಗೆ ಪೂರಕವೇ ಆಗಿರುತ್ತದೆ.

ಹಿಂತಿರುಗಿಸುವಿಕೆ

ಶಾಲೆ ಬದಲಾಯಿಸುವಾಗ ಅಥವಾ ಭಾರತಕ್ಕೆ ಮರಳುವಾಗ ಉಪಕರಣ ಹಾಗೂ ಚಾರ್ಜರನ್ನು ಒಪ್ಪಿಸಿ ಸ್ವೀಕೃತಿ ಪಡೆಯತಕ್ಕದ್ದು. ಕಳವಾದಲ್ಲಿ ತಕ್ಷಣ ಶಾಲೆಗೆ ತಿಳಿಸಿ, ಕೇಳಿದಲ್ಲಿ ಪೊಲೀಸ್ ದೂರಿನ ಪ್ರತಿಯನ್ನು ಸಲ್ಲಿಸತಕ್ಕದ್ದು.

ವಿಶೇಷ ಸೂಚನೆ: ಉಪಕರಣವನ್ನು ನಿರಾಕರಿಸಿದ ಕಾರಣದಿಂದ ಭಾಷಾ ನೆರವಿನ ಹಕ್ಕು ಕಳೆದುಹೋಗುವುದಿಲ್ಲ. ಉಪಕರಣ ಬೇಡವೆನಿಸಿದಲ್ಲಿ ಮುದ್ರಿತ ಅಭ್ಯಾಸ ಪುಸ್ತಕಗಳನ್ನು ಕೋರಬಹುದು.