ಲಂಗೋಟಿಯಿಂದ ಲೈಕ್ರಾವರೆಗೆ: ಬಿಗಿ ಚಡ್ಡಿಯ ಅಳತೆಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ಸಂಚಿಕೆಯ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು, ಕೆಲವರು ಬೇಗ ಇಯರ್‌ಫೋನ್ ಹುಡುಕಬಹುದು. ಇವತ್ತು ಮಾತಾಡ್ತಿರೋದು ಗಂಡಸರು ಓಡುವಾಗ, ಕುಸ್ತಿ ಆಡುವಾಗ, ಕಬಡ್ಡಿ ಆಡುವಾಗ ಒಳಗೆ ಹಾಕ್ಕೊಳ್ಳೋ ಬಿಗಿ ಚಡ್ಡಿ ಬಗ್ಗೆ. ಈಗಿನ ಹೆಸರು ಕಂಪ್ರೆಷನ್ ಶಾರ್ಟ್ಸ್. ಹೆಸರು ಹೊಸದು, ಆದರೆ ಅದರ ಹಿಂದಿನ ಪ್ರಶ್ನೆ ಬಹಳ ಹಳೇದು: ಮೈ ಜೋರಾಗಿ ಕೆಲಸ ಮಾಡುವಾಗ ಟೊಂಕದ ಕೆಳಗೆ ಎಷ್ಟು ಬಿಗಿ ಇರಬೇಕು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಕೇಳುಗರಿಗೆ ಈ ಪ್ರಶ್ನೆ ಬರೀ ಫ್ಯಾಷನ್ನಿಂದಲ್ಲ. ಬೆಳಗಿನ ಜಾವ ಮೈದಾನಕ್ಕೆ ಹೋಗೋ ಹುಡುಗರಲ್ಲಿ ಎಷ್ಟೋ ಜನ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ಮಾಡ್ತಿರುತ್ತಾರೆ. 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ತೊಡೆಸಂದಿ ಉಜ್ಜಿ ಗಾಯ ಆದರೆ ಒಂದು ವಾರದ ಅಭ್ಯಾಸ ಹೋಯ್ತು. ಅದನ್ನ ಮನೇಲಿ ಹೇಳೋಕೂ ನಾಚಿಕೆ, ಅಂಗಡೀಲಿ ಕೇಳೋಕೂ ನಾಚಿಕೆ. ಹಂಗಾಗಿ ಫೋನಿನಲ್ಲಿ ಎಂ ಸೈಜೋ ಎಲ್ ಸೈಜೋ ಒಂದು ಒತ್ತಿ ತರಿಸಿಬಿಡ್ತಾರೆ. ಆ ಎಂ, ಎಲ್ ಅನ್ನೋ ಅಕ್ಷರ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕಥೆ. ಅದು ಮೂರು ಹಂತದ ಕಥೆ: ಮೊದಲು ಬಟ್ಟೆ ಕಟ್ಟುತ್ತಿದ್ದರು, ಆಮೇಲೆ ಹೊಲಿದರು, ಕೊನೆಗೆ ಬಟ್ಟೆಯೇ ಹಿಗ್ಗೋಕೆ ಶುರುವಾಯ್ತು.

ಮೊದಲ ಹಂತಕ್ಕೆ ಸಾಕ್ಷಿ ನಮ್ಮ ಭಾಷೆಯಲ್ಲೇ ಇದೆ. 'ಗಂಡುಗಚ್ಚೆ ಹಾಕಿ ನಿಂತ' ಅಂತೀವಿ. 'ಟೊಂಕ ಕಟ್ಟಿ ನಿಂತ' ಅಂತೀವಿ. 'ವೀರಗಾಸೆ' ಅನ್ನೋ ಕುಣಿತದ ಹೆಸರಿನಲ್ಲೇ 'ಕಾಸೆ' ಇದೆ. ಕಾಸೆ ಅಂದರೆ ಕಾಲ ನಡುವೆ ತಂದು ಸಿಕ್ಕಿಸಿದ ಬಟ್ಟೆ. ಕಚ್ಚೆ ಸಡಿಲ ಇದ್ದವನನ್ನ ಬಯ್ಯೋಕೂ ಒಂದು ಪದ ಇದೆ, ಅದು ನಿಮಗೆಲ್ಲ ಗೊತ್ತು. ಚಿಕ್ಕಂದಿನ ಗೆಳೆಯ ಅಂದರೆ 'ಲಂಗೋಟಿ ಗೆಳೆಯ'. ಧೈರ್ಯ, ನಡತೆ, ಸ್ನೇಹ, ಮೂರನ್ನೂ ನಮ್ಮವರು ಒಂದೇ ತುಂಡು ಬಟ್ಟೆಯಿಂದ ಅಳೆದಿದ್ದಾರೆ.

ಹಾವೇರಿ, ಹಾನಗಲ್ಲ ಸುತ್ತ ಹಳೇ ಗುಡಿಗಳ ಹತ್ತಿರ ವೀರಗಲ್ಲು ಕಂಡರೆ ಒಂದು ಸಲ ನಿಂತು ನೋಡಿ. ಕಾದಾಡೋ ವೀರನ ಬಟ್ಟೆ ಸಾಮಾನ್ಯವಾಗಿ ಮೊಣಕಾಲಿನ ಮೇಲೇ ಇರುತ್ತೆ, ಟೊಂಕಕ್ಕೆ ಬಿಗಿದಿರುತ್ತೆ. ಓಡೋಕೆ, ಬಗ್ಗೋಕೆ, ಕುದುರೆ ಏರೋಕೆ ಅಡ್ಡ ಬರಬಾರದಲ್ಲ. ಆ ಕಾಲದ ಅರಸರು ಮಲ್ಲರನ್ನೂ ಸಾಕುತ್ತಿದ್ದರು. ಈ ಸೀಮೆಯನ್ನೆಲ್ಲ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ರಾಜನಾಗಿದ್ದ. ಅವನ ಹೆಸರಿನಲ್ಲಿರೋ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ಮಲ್ಲರ ದರ್ಜೆ, ಅವರ ಊಟ, ಭಾರ ಎತ್ತೋದು, ನಡೆಯೋದು, ಈಜೋದು, ಕಂಬ ಹಿಡಿದು ಸಾಧನೆ ಮಾಡೋದು, ಎಲ್ಲಾ ಬರುತ್ತೆ. ಅಂದರೆ ಕ್ರೀಡಾ ತರಬೇತಿ ಅನ್ನೋದು ಸುಮಾರು 900 ವರ್ಷದ ಹಿಂದೆಯೇ ಇಲ್ಲಿ ಬರೆದಿಡುವಂಥ ವಿದ್ಯೆ ಆಗಿತ್ತು.

ಈಗ ಗರಡಿಮನೆಗೆ ಬರೋಣ. ಉತ್ತರ ಕರ್ನಾಟಕದ ಪೈಲ್ವಾನರ ಉಡುಪು ಅಂದರೆ ಒಳಗೆ ಲಂಗೋಟಿ, ಮೇಲೆ ದಪ್ಪ ಬಟ್ಟೆಯ ಚಣ್ಣ. ಲಂಗೋಟಿಯ ತಂತ್ರ ಏನು ನೋಡ್ರಿ. ಅದು ಉದ್ದನೆಯ ಬಟ್ಟೆ ಪಟ್ಟಿ, ಜೊತೆಗೆ ಕಟ್ಟೋಕೆ ದಾರ. ಸಾಮಾನ್ಯ ಜನ ಉಡದಾರಕ್ಕೇ ಸಿಕ್ಕಿಸಿ ಕಟ್ಟಿಕೊಳ್ಳುತ್ತಿದ್ದರು. ಅದಕ್ಕೆ ಸೈಜೇ ಇಲ್ಲ. ಹದಿನೈದು ವರ್ಷದ ಹುಡುಗನಿಗೂ ಅದೇ, ನೂರು ಕೆಜಿ ಪೈಲ್ವಾನನಿಗೂ ಅದೇ. ಇವತ್ತು ಹೊಟ್ಟೆ ತುಂಬಿದ್ದರೆ ಸ್ವಲ್ಪ ಸಡಿಲ, ನಾಳೆ ಕುಸ್ತಿ ಇದ್ದರೆ ಸ್ವಲ್ಪ ಬಿಗಿ. ಅಳತೆ ಬಟ್ಟೆಯೊಳಗೆ ಇರಲಿಲ್ಲ, ಕಟ್ಟೋ ಕೈಯಲ್ಲಿತ್ತು. ಎಷ್ಟು ಬಿಗಿ ಸರಿ ಅಂತ ಉಸ್ತಾದರು ಕಲಿಸುತ್ತಿದ್ದರು, ಮೈ ದಿನಾ ಹೇಳುತ್ತಿತ್ತು.

ಇದರಲ್ಲಿ ಇನ್ನೊಂದು ಗುಣ ಇತ್ತು. ಲಂಗೋಟಿ ದಿನಾ ಬಿಚ್ಚಿ, ಒಗೆದು, ಬಿಸಿಲಿಗೆ ಹಾಕೋ ವಸ್ತು. ತೆಳು ಹತ್ತಿ ಬಟ್ಟೆ, ಹೊಲಿಗೆ ಕಡಿಮೆ, ಬೇಗ ಒಣಗುತ್ತೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಎರಡನೇ ಹಂತ: ಹೊಲಿಗೆ. ಇಲ್ಲಿ ಕಥೆ ಸಮುದ್ರ ದಾಟುತ್ತೆ, ಮತ್ತೆ ನಮ್ಮ ಕರಿಮಣ್ಣಿಗೇ ವಾಪಸ್ ಬರುತ್ತೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಲಕ್ಷಗಟ್ಟಲೆ ಸೈನಿಕರಿಗೆ ಒಬ್ಬೊಬ್ಬರ ಅಳತೆ ತಗೊಂಡು ಸಮವಸ್ತ್ರ ಹೊಲಿಯೋಕೆ ಆಗುತ್ತಾ? ಎದೆ ಇಷ್ಟಿದ್ದರೆ ಸೊಂಟ ಸುಮಾರು ಇಷ್ಟು ಅನ್ನೋ ಲೆಕ್ಕ ಹಿಡಿದು ಕೆಲವೇ ಸೈಜುಗಳಲ್ಲಿ ಹೊಲಿದರು. ಯುದ್ಧ ಮುಗಿದ ಮೇಲೆ ಅದೇ ಲೆಕ್ಕ ಗಂಡಸರ ರೆಡಿಮೇಡ್ ಬಟ್ಟೆಗೆ ದಾರಿ ಮಾಡಿಕೊಡ್ತು.

ಅದೇ ಯುದ್ಧದಲ್ಲಿ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗೋದು ನಿಂತಿತು. ಗಿರಣಿಯವರ ಕಣ್ಣು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಮೇಲೂ ಬಿತ್ತು. ಹಾವೇರಿ, ರಾಣೆಬೆನ್ನೂರು ಆಗ ಧಾರವಾಡಕ್ಕೇ ಸೇರಿದ್ದವು. ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಇಲ್ಲಿ ಬೆಳೆದ 'ಧಾರವಾಡ ಅಮೆರಿಕನ್' ಹತ್ತಿಗೆ ದರ ಏರಿತು, ಯುದ್ಧ ಮುಗಿದ ಮೇಲೆ ಇಳಿಯಿತು. ಅಂದರೆ ಒಂದೇ ಯುದ್ಧ ಅಲ್ಲಿ ಬಟ್ಟೆಗೆ ಸೈಜ್ ಕೊಡ್ತು, ಇಲ್ಲಿ ಹತ್ತಿಗೆ ದರ ಕೊಡ್ತು. ದರ ಬಂದು ಹೋಯ್ತು, ಸೈಜ್ ಮಾತ್ರ ಉಳೀತು.

ಹೊಲಿದ ಒಳ ಉಡುಪು ಆಟಕ್ಕೆ ಬಂದಿದ್ದು ಸೈಕಲ್ಲಿನಿಂದ. 1874ರಲ್ಲಿ ಷಿಕಾಗೋದ ಶಾರ್ಪ್ ಅಂಡ್ ಸ್ಮಿತ್ ಕಂಪನಿಯ ಸಿ. ಎಫ್. ಬೆನೆಟ್ ಅನ್ನೋವರು ಬಾಸ್ಟನ್ನಿನ ಕಲ್ಲುಹಾಸು ರಸ್ತೆಯಲ್ಲಿ ಸೈಕಲ್ ಹೊಡೆಯೋರಿಗೆ ಅಂತ ಒಂದು ಪಟ್ಟಿ ತಯಾರಿಸಿದರು. ಇಂಗ್ಲಿಷಿನಲ್ಲಿ ಜಾಕ್‌ಸ್ಟ್ರಾಪ್ ಅಂತಾರೆ. ಕೆಲಸ ನಮ್ಮ ಲಂಗೋಟಿಯದ್ದೇ, ಕಟ್ಟೋ ಗಂಟಿನ ಜಾಗದಲ್ಲಿ ಎಲಾಸ್ಟಿಕ್ ಬಂತು. ಗಂಟು ಹೋಯ್ತು ಅಂದರೆ ಬಿಗಿ ಎಷ್ಟಿರಬೇಕು ಅನ್ನೋ ತೀರ್ಮಾನ ಹಾಕ್ಕೊಳ್ಳೋನ ಕೈಯಿಂದ ತಯಾರಿಸೋನ ಕೈಗೆ ಹೋಯ್ತು.

ನಮ್ಮ ಕಡೆ ಹೊಲಿದ ಚಣ್ಣಕ್ಕೆ ಲಾಡಿ ಬಹಳ ಕಾಲ ಉಳೀತು, ಹಂಗಾಗಿ ಸ್ವಲ್ಪ ಹಿಡಿತ ನಮ್ಮ ಕೈಯಲ್ಲೇ ಇತ್ತು. ಬಟ್ಟೆ ಮಾತ್ರ ಹತ್ತಿಯೇ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದರಲ್ಲ, 24 ದಿನ, ಸುಮಾರು 385 ಕಿಲೋಮೀಟರ್, ಆಗ ಮೈಮೇಲಿದ್ದದ್ದು ಖಾದಿ. ಹತ್ತಿಗೆ ಗಾಳಿ ಆಡುತ್ತೆ, ಅದು ದೊಡ್ಡ ಗುಣ. ಆದರೆ ಬೆವರು ಹೀರಿ ಒದ್ದೆಯಾಗಿ ಭಾರ ಆಗುತ್ತೆ. ಒದ್ದೆ ಬಟ್ಟೆ ತೊಡೆಗೆ ಉಜ್ಜುತ್ತೆ. ನಡಿಗೆಗೆ ನಡೆಯುತ್ತೆ, ಜೋರು ಓಟಕ್ಕೆ ಕಷ್ಟ.

ಅಲ್ಲಿಂದ ಮೂರನೇ ಹಂತ. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಹಿಗ್ಗೋ ನೂಲನ್ನ ಕಂಡುಹಿಡಿದರು. ಸ್ಪ್ಯಾಂಡೆಕ್ಸ್ ಅದರ ಹೆಸರು, ಲೈಕ್ರಾ ಅನ್ನೋದು ಕಂಪನಿಯ ಬ್ರ್ಯಾಂಡ್. ರಬ್ಬರಿಗಿಂತ ತೆಳು, ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನ ಹಾಗೇ ಆಗುತ್ತೆ. ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಇದನ್ನ ಸ್ವಲ್ಪ ಪಾಲು ಸೇರಿಸಿ ನೇಯ್ದರೆ ಬಟ್ಟೆ ಮೈಗೆ ಅಂಟಿಕೊಂಡೇ ಓಡುತ್ತೆ. ಸೈಕಲ್ ಸವಾರರು ಹಾಕಿದರು, ಓಟಗಾರರು ಹಾಕಿದರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಟಿವಿಯಲ್ಲಿ ಆಟಗಾರರ ಚಡ್ಡಿ ಕೆಳಗೆ ಇಣುಕೋ ಬಿಗಿ ಬಟ್ಟೆ ನಮ್ಮ ಊರಿನ ಅಂಗಳಕ್ಕೂ ಬಂತು.

ಇದರಿಂದ ನಿಜವಾಗಿ ಲಾಭ ಇದೆಯಾ? 1996ರಲ್ಲಿ ವಿಲಿಯಂ ಕ್ರೇಮರ್ ಮತ್ತು ಜೊತೆಗಾರರು ಅಮೆರಿಕದ ಕಾಲೇಜು ವಾಲಿಬಾಲ್ ಆಟಗಾರರ ಮೇಲೆ ಪರೀಕ್ಷೆ ಮಾಡಿದರು. ಬಿಗಿ ಶಾರ್ಟ್ಸ್ ಹಾಕಿದ್ದಕ್ಕೆ ಒಂದೇ ಸಲದ ಎತ್ತರದ ಜಿಗಿತ ಹೆಚ್ಚಾಗಲಿಲ್ಲ. ಆದರೆ ಮತ್ತೆ ಮತ್ತೆ ಜಿಗಿಯುವಾಗ ಸರಾಸರಿ ಶಕ್ತಿ ಚೆನ್ನಾಗಿ ಉಳೀತು. ಆಮೇಲಿನ ಸಂಶೋಧನೆಗಳ ಫಲಿತಾಂಶ ಒಂದೇ ಥರ ಇಲ್ಲ. ಹಂಗಾಗಿ ಇಷ್ಟು ಹೇಳಬಹುದು: ತೊಡೆ ಉಜ್ಜೋದು ತಪ್ಪುತ್ತೆ, ಆಧಾರ ಸಿಗುತ್ತೆ, ಕೆಲವರಿಗೆ ಮೈಕೈ ನೋವು ಕಡಿಮೆ ಅನ್ನಿಸುತ್ತೆ. 6 ನಿಮಿಷ 30 ಸೆಕೆಂಡಿನ ಓಟವನ್ನ ಚಡ್ಡಿ ಓಡಲ್ಲ, ನೀವೇ ಓಡಬೇಕು.

ಈಗ ಸೈಜಿಗೆ ಬರೋಣ. ಪ್ಯಾಕೆಟ್ ಮೇಲಿನ ಎಂ, ಎಲ್ ಸಾಮಾನ್ಯವಾಗಿ ಹೇಳೋದು ಸೊಂಟದ ಸುತ್ತಳತೆ ಮಾತ್ರ. ಬಿಗಿ ಚಡ್ಡಿ ಹಿಡಿಯೋದು ತೊಡೆಯನ್ನ. ಹೊಲದಲ್ಲಿ ದುಡಿದು, ಬಸ್ಕಿ ಹೊಡೆದು ತೊಡೆ ದಪ್ಪ ಆಗಿರೋ ಹುಡುಗನ ಸೊಂಟ 30 ಇಂಚೇ ಇರಬಹುದು. ಅವನು ಸೊಂಟ ನೋಡಿ ತಗೊಂಡರೆ ತೊಡೆ ಹತ್ರ ಉಸಿರು ಕಟ್ಟುತ್ತೆ, ತೊಡೆ ನೋಡಿ ತಗೊಂಡರೆ ಸೊಂಟ ಜಾರುತ್ತೆ. ಜೊತೆಗೆ ಎಷ್ಟೋ ಬ್ರ್ಯಾಂಡುಗಳ ಅಳತೆ ಪಟ್ಟಿ ಯುರೋಪು, ಅಮೆರಿಕದ ಮೈಕಟ್ಟಿನ ಲೆಕ್ಕದ್ದು. ಭಾರತಕ್ಕೇ ಒಂದು ಅಳತೆ ಪಟ್ಟಿ ಬೇಕು ಅಂತ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ 'ಇಂಡಿಯಾಸೈಜ್' ಯೋಜನೆ ಹಾಕಿಕೊಂಡಿತು. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರ ಮೈ ಅಳತೆ ತಗೊಳ್ಳೋ ಗುರಿ ಅದರದ್ದು. 1861ರ ಸೈನಿಕರಿಗೆ ಆದ ಕೆಲಸ ನಮಗೆ ಆಗ್ತಿರೋದು ಈ ಶತಮಾನದಲ್ಲಿ.

ಅಲ್ಲಿವರೆಗೆ ಟೇಪು ನಿಮ್ಮ ಕೈಯಲ್ಲಿರಲಿ. ಮೂರು ಅಳತೆ ಸಾಕು: ಎಲಾಸ್ಟಿಕ್ ಕೂರೋ ಜಾಗದಲ್ಲಿ ಸೊಂಟ, ಹಿಂಭಾಗದ ದಪ್ಪ ಜಾಗದ ಸುತ್ತ, ತೊಡೆಯ ಮೇಲಿನ ದಪ್ಪ ಜಾಗದ ಸುತ್ತ. ಹೊಟ್ಟೆ ಒಳಗೆ ಎಳ್ಕೋಬೇಡಿ. ತೊಡೆ ಅಳತೆ ಕೊಡದ ಪಟ್ಟಿಯನ್ನ ಪೂರ್ತಿ ನಂಬಬೇಡಿ. ಎರಡು ಸೈಜಿನ ನಡುವೆ ಬಂದರೆ ಮೊದಲ ಸಲ ದೊಡ್ಡದೇ ಇರಲಿ. ಹಾಕ್ಕೊಂಡು ಹತ್ತು ಬಸ್ಕಿ ಹೊಡೆದು ನೋಡಿ. ಕಾಲಿನ ಅಂಚು ಮೇಲಕ್ಕೆ ಸುತ್ತಿಕೊಂಡರೆ, ಸೊಂಟದಲ್ಲಿ ಆಳವಾದ ಗೆರೆ ಬಿದ್ದರೆ, ತೊಡೆಯ ಹೊರಬದಿ ಜುಮ್ಮೆಂದರೆ ಅದು ಬಿಗಿ ಹೆಚ್ಚು. ಆ ಜುಮ್ಮು ನರ ಒತ್ತಿದ್ದಕ್ಕೆ ಬರೋದು. ಬಟ್ಟೆ ಅಲ್ಲಲ್ಲಿ ಮಡಿಕೆ ಬಿದ್ದರೆ ಸಡಿಲ, ಅದೂ ಉಜ್ಜುತ್ತೆ. ಒಳಗಿನ ಹೊಲಿಗೆ ಚಪ್ಪಟೆ ಇರಬೇಕು, ಕೈ ಬೆರಳಿಗೆ ಉಬ್ಬು ಸಿಗಬಾರದು.

ಇನ್ನು ನಾಚಿಕೆ ಬಿಟ್ಟು ಮೂರು ಮಾತು. ಒಂದು, ಅಭ್ಯಾಸ ಮುಗಿದ ಕೂಡಲೇ ಬಿಚ್ಚಿ. ಲಂಗೋಟಿ ದಿನಾ ಒಗೆದು ಬಿಸಿಲಿಗೆ ಬೀಳುತ್ತಿತ್ತು ಅಂದೆನಲ್ಲ. ಸಿಂಥೆಟಿಕ್ ಚಡ್ಡಿಯನ್ನ ಬೆವರಿನ ಜೊತೆ ದಿನವಿಡೀ ಹಾಕ್ಕೊಂಡರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಬರುತ್ತೆ. ದಿನಾ ತಣ್ಣೀರಲ್ಲಿ ಒಗೆದು ಚೆನ್ನಾಗಿ ಒಣಗಿಸಿ. ಕಜ್ಜಿ ಬಂದರೆ ಔಷಧ ಅಂಗಡಿಯ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಎರಡು ದಿನ ಕಡಿಮೆ ಅನ್ನಿಸಿ ಆಮೇಲೆ ಹಟ ಹಿಡಿಯುತ್ತೆ. ಚರ್ಮದ ಡಾಕ್ಟರಿಗೆ ತೋರಿಸಿ.

ಎರಡು, ವೃಷಣ ಮೈಗಿಂತ ಸ್ವಲ್ಪ ತಂಪಾಗಿರಬೇಕು. 2018ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಅಧ್ಯಯನದಲ್ಲಿ 656 ಗಂಡಸರಿದ್ದರು. ಸಡಿಲ ಒಳ ಉಡುಪು ಹಾಕೋರಲ್ಲಿ ವೀರ್ಯಾಣು ಸಾಂದ್ರತೆ 25% ಹೆಚ್ಚಿತ್ತು. ಗಾಬರಿ ಬೇಡ, ಒಂದು ಗಂಟೆ ಓಟಕ್ಕೆ ಬಿಗಿ ಹಾಕಿ, ಉಳಿದ ಹೊತ್ತು ಸಡಿಲ ಹಾಕಿ.

ಮೂರು, ಇದು ಎಲ್ಲಕ್ಕಿಂತ ಮುಖ್ಯ. ಲಂಗೋಟಿ ಬಿಗಿದರೆ ಅಂಡವಾಯು ಬರಲ್ಲ ಅಂತ ಹಳೇ ನಂಬಿಕೆ ಇದೆ. ತೊಡೆಸಂದಿಯಲ್ಲಿ ಗಂಟು ಬಂದಿದ್ದರೆ ಯಾವ ಚಡ್ಡಿಯೂ ಅದನ್ನ ವಾಸಿ ಮಾಡಲ್ಲ. ಒಂದು ಬದಿಯ ವೃಷಣ ಇದ್ದಕ್ಕಿದ್ದಂಗೆ ವಿಪರೀತ ನೋಯ್ತಿದ್ದರೆ, ವಾಂತಿ ಬಂದರೆ, ಇನ್ನೂ ಬಿಗಿ ಕಟ್ಟಿ ತಡ್ಕೋಬೇಡಿ. ಅದು ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಉಳಿಯೋ ಸಾಧ್ಯತೆ ಹೆಚ್ಚು, ತಡ ಆದಷ್ಟೂ ಕಡಿಮೆ. ಅಪ್ಪನಿಗೆ ಹೇಳಿ, ಅಣ್ಣನಿಗೆ ಹೇಳಿ, ಯಾರೂ ಇಲ್ಲದಿದ್ದರೆ ಲಂಗೋಟಿ ಗೆಳೆಯನಿಗೆ ಹೇಳಿ, ಗಾಡಿ ಹತ್ತಿ ಆಸ್ಪತ್ರೆಗೆ ಹೋಗಿ.

ಗರಡಿಯಲ್ಲಿ ಲಂಗೋಟಿ ಕಟ್ಟೋದನ್ನ ಹಿರಿಯರು ಬಾಯಿಬಿಟ್ಟು ಹೇಳಿಕೊಡುತ್ತಿದ್ದರು. ರೆಡಿಮೇಡ್ ಬಂದ ಮೇಲೆ ಆ ಮಾತೇ ನಿಂತುಹೋಯ್ತು. ಬಟ್ಟೆ ಬದಲಾಗಲಿ, ಮಾತು ಮತ್ತೆ ಶುರುವಾಗಲಿ. ತಮ್ಮ ಮೈದಾನಕ್ಕೆ ಹೋಗೋನಿದ್ದರೆ ಈ ಸಂಚಿಕೆ ಅವನಿಗೂ ಕಳಿಸಿ. ಮುಂದಿನ ವಾರ ಸಿಗೋಣ.