ಗಿಡುಗದ ಮೇಲೆ ಪಾರಿವಾಳದ ದಾವೆ

ಮೃಗಪಕ್ಷಿಗಳ ಮೇಲೆ ಮನುಷ್ಯನು ಹೊರಿಸಿದ ಅಪರಾಧಗಳ ಚರಿತ್ರೆಯಲ್ಲಿ, ಬ್ರಿಟನ್ನಿನ ಪಾರಿವಾಳ ಸಾಕುವವರಿಗೂ ಪೆರಿಗ್ರಿನ್ ಎಂಬ ಗಿಡುಗಕ್ಕೂ ನಡೆದ ವ್ಯಾಜ್ಯದಷ್ಟು ಬೋಧಪ್ರದವಾದುದು ಮತ್ತೊಂದು ಇರಲಾರದು.

ಕಡಿದಾದ ಬಂಡೆಗಳ ಚಾಚಿನಲ್ಲಿ ಮೊಟ್ಟೆಯಿಡುವ ಈ ಪಕ್ಷಿಯು, ಪಾರಿವಾಳಗಳ ಹಿಂಡಿಗಿಂತ ಬಹು ಎತ್ತರಕ್ಕೆ ಏರಿ, ಹಿಂಡಿನಿಂದ ತುಸುವೇ ಹಿಂದುಳಿದುದೊಂದನ್ನು ಗುರಿಹಿಡಿದು, ರೆಕ್ಕೆಗಳನ್ನು ಮೈಗೆ ಅವುಚಿಕೊಂಡು, ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಎರಗಿ, ಕಾಲಿನ ಹೊಡೆತದಿಂದ ಅದನ್ನು ಅಂತರಿಕ್ಷದಲ್ಲಿಯೇ ಕೆಡಹಬಲ್ಲುದು; ಆ ಹೊಡೆತಕ್ಕೆ ಸಾಯದುದನ್ನು ಕೊಕ್ಕಿನ ಅಂಚಿನ ಹಲ್ಲಿನಂತಹ ಮೊನೆಯಿಂದ ಕತ್ತು ಮುರಿದು ಕೊಲ್ಲುವುದು. ಪಾರಿವಾಳವು ಕಡೆಯ ಕ್ಷಣದಲ್ಲಿ ಹೊರಳಿ ಪಾರಾಗುವುದೂ ಅಪೂರ್ವವಲ್ಲ. ಆದರೂ ಕೈಯಾರೆ ಕಾಳು ತಿನ್ನಿಸಿ ಪಳಗಿಸಿದ ಪಂದ್ಯದ ಹಕ್ಕಿಯು ಸಂಜೆ ಗೂಡಿಗೆ ಮರಳದೆ ಹೋದಾಗ, ಸಾಕಿದವನ ಸಂಕಟವು ಅಲ್ಲಗಳೆಯತಕ್ಕದ್ದಲ್ಲ.

ಎರಡನೆಯ ಮಹಾಯುದ್ಧದಲ್ಲಿ ಈ ವೈರವು ರಾಜಕಾರಣದ ವಿಷಯವಾಯಿತು. ಅಪಾಯದಲ್ಲಿ ಸುದ್ದಿ ಮುಟ್ಟಿಸಲೆಂದು ಬಾಂಬರ್ ವಿಮಾನಗಳಲ್ಲಿ ಆಗ ಪಾರಿವಾಳಗಳನ್ನೂ ಒಯ್ಯುತ್ತಿದ್ದರು. 1942ರ ಫೆಬ್ರುವರಿಯಲ್ಲಿ ಉತ್ತರ ಸಮುದ್ರಕ್ಕೆ ಬಿದ್ದ ವಿಮಾನವೊಂದರಿಂದ ತಪ್ಪಿಸಿಕೊಂಡ ವಿಂಕಿ ಎಂಬ ಪಾರಿವಾಳವು, ಎಣ್ಣೆಯಿಂದ ತೊಯ್ದ ಮೈಯಲ್ಲಿ ಸುಮಾರು 190 ಕಿಲೋಮೀಟರ್ ಹಾರಿ ತನ್ನ ಗೂಡು ಸೇರಿತು. ಅದರ ಕಾಲಿನಲ್ಲಿ ಓಲೆ ಇರದಿದ್ದರೂ, ಅದು ಬಂದು ಮುಟ್ಟಿದ ಹೊತ್ತನ್ನು ಲೆಕ್ಕಹಾಕಿ ವಿಮಾನ ಬಿದ್ದ ಠಾವನ್ನು ಊಹಿಸಿ, ನಾಲ್ವರು ಯೋಧರ ಪ್ರಾಣ ಉಳಿಸಿದರು. ಇಂತಹ ದೂತರಿಗೆ ಅಪಾಯವಾಗಬಾರದೆಂದೇ 1940ರಲ್ಲಿ ಸರ್ಕಾರವು ಪೆರಿಗ್ರಿನ್ ಸಂಹಾರದ ಆಜ್ಞೆಯನ್ನು ಹೊರಡಿಸಿತ್ತು. ಯುದ್ಧಕಾಲದಲ್ಲಿ ಸುಮಾರು 600 ಗಿಡುಗಗಳು ಹತವಾದವು. ಪಾರಿವಾಳಕ್ಕೆ ಅಭಯವಿತ್ತ ಶಿಬಿರಾಜನ ಮುಂದೆ ಗಿಡುಗವು ತನ್ನ ಹಸಿವಿನ ನ್ಯಾಯವನ್ನು ವಾದಿಸಿತೆಂದು ನಮ್ಮ ಪುರಾಣವು ಹೇಳುತ್ತದೆ. ಈ ಆಜ್ಞೆಯ ಮುಂದೆ ಅದರ ಪರವಾಗಿ ನಿಂತವರ ಮಾತು ನಡೆಯಲಿಲ್ಲ.

ಯುದ್ಧಾನಂತರ, 1954ರ ಪಕ್ಷಿಸಂರಕ್ಷಣಾ ಶಾಸನವು ಗಿಡುಗಕ್ಕೆ ಅಭಯವನ್ನಿತ್ತಿತು. ಆದರೆ ಗಿಡುಗಗಳು ಮಿತಿಮೀರಿ ಹೆಚ್ಚಿವೆಯೆಂದೂ, ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬೇಕೆಂದೂ ಪಂದ್ಯದ ಪಾರಿವಾಳಗಳ ಒಡೆಯರು 1960ರಲ್ಲಿ ಗೃಹಖಾತೆಗೆ ಮನವಿ ಸಲ್ಲಿಸಿದರು. ದೂರಿನ ಸತ್ಯಾಸತ್ಯತೆಯನ್ನು ಅರಿಯಲೆಂದು 1961 ಮತ್ತು 1962ರಲ್ಲಿ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಗಣತಿ ನಡೆಯಿತು. ಕಂಡುಬಂದುದು ದೂರಿಗೆ ತದ್ವಿರುದ್ಧ: ತಲೆತಲಾಂತರದಿಂದ ಗಿಡುಗಗಳು ವಾಸವಾಗಿದ್ದ ಎಷ್ಟೋ ಬಂಡೆಗಳು ಬರಿದಾಗಿದ್ದುವು, ಉಳಿದ ಜೋಡಿಗಳಲ್ಲಿ ಅನೇಕವು ಮರಿ ಮಾಡಲಾರದೆ ಹೋಗಿದ್ದುವು.

ಕಾರಣವಿದ್ದುದು ಹೊಲದಲ್ಲಿ. ಬಿತ್ತನೆಯ ಬೀಜಕ್ಕೆ ಲೇಪಿಸಿದ ಡೀಲ್ಡ್ರಿನ್ ಮೊದಲಾದ ಕೀಟನಾಶಕಗಳು ಕಾಳು ತಿಂದ ಪಾರಿವಾಳಗಳ ಮೈಗೆ ಸೇರಿ, ಅವನ್ನು ತಿಂದ ಗಿಡುಗಗಳಲ್ಲಿ ಸಂಚಯಗೊಂಡು ಅವನ್ನು ಕೊಲ್ಲುತ್ತಿದ್ದುವು. ಅಷ್ಟೇ ಅಲ್ಲದೆ, ಹಳೆಯ ಸಂಗ್ರಹಗಳಲ್ಲಿ ದಶಕಗಳಿಂದ ಕಾಪಿಟ್ಟಿದ್ದ ಮೊಟ್ಟೆಗಳ ಬರಿಯ ಚಿಪ್ಪುಗಳನ್ನು ಒಂದೊಂದಾಗಿ ಅಳೆದು ತೂಗಿದ ರಾಟ್‌ಕ್ಲಿಫ್, 1940ರ ದಶಕದ ಉತ್ತರಾರ್ಧದಿಂದೀಚೆಗೆ ಚಿಪ್ಪು ಸುಮಾರು ಐದರಲ್ಲೊಂದು ಪಾಲು ತೆಳುವಾಗಿದೆಯೆಂದು 1967ರಲ್ಲಿ ಪ್ರಕಟಿಸಿದರು, ಅದಕ್ಕೆ ಡಿ.ಡಿ.ಟಿ. ಎಂಬ ಕೀಟನಾಶಕವೇ ಕಾರಣವೆಂದು ಮುಂದಿನ ಸಂಶೋಧನೆಗಳು ಸ್ಥಾಪಿಸಿದುವು. ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆಯುತ್ತಿದ್ದುವು.

ವಿಷದ ಬಳಕೆಯನ್ನು ಕ್ರಮೇಣ ನಿರ್ಬಂಧಿಸಿದ ಮೇಲೆ ಗಿಡುಗಗಳು ಚೇತರಿಸಿಕೊಂಡವು. 2014ರ ಗಣತಿಯಲ್ಲಿ ಅವುಗಳ ಜೋಡಿಗಳು 1,700ನ್ನು ಮೀರಿದ್ದುವು. ಇಂದು ಅವು ನಗರದ ಚರ್ಚುಗೋಪುರಗಳಲ್ಲಿಯೂ ನೆಲೆಸಿ ಪಾರಿವಾಳಗಳನ್ನು ಬೇಟೆಯಾಡುತ್ತವೆ. ಸಾಕುವವರ ದೂರೂ ನಿಂತಿಲ್ಲ. ಆದರೆ ಕಣ್ಣಿಗೆ ಬೀಳುವ ಬೇಟೆಗಾರನನ್ನು ದಂಡಿಸುವ ಮುನ್ನ ಎಣಿಸಿ, ಅಳೆದು, ತೂಗಿ ನೋಡುವುದು ರಾಜ್ಯದ ಕರ್ತವ್ಯವೆಂಬುದನ್ನು ಈ ವ್ಯಾಜ್ಯವು ನಿಸ್ಸಂದೇಹವಾಗಿ ಸಿದ್ಧಪಡಿಸಿತು. ಅಂದು ಎಣಿಸದೆ ತೀರ್ಪಿತ್ತಿದ್ದರೆ, ಗಿಡುಗವೂ ಉಳಿಯುತ್ತಿರಲಿಲ್ಲ, ಕಾಳಿನಲ್ಲಿದ್ದ ವಿಷವು ಅಷ್ಟು ಬೇಗ ಬಯಲಿಗೂ ಬರುತ್ತಿರಲಿಲ್ಲ.