ನರಾವತಾರ ಮತ್ತು ಗರ್ಭಾವತರಣ

ಬಂಟ್ವಾಳದ ಮೊಡಂಕಾಪಿನಲ್ಲಿರುವ ಇಗರ್ಜಿ ಬಾಲಯೇಸುವಿಗೆ ಸಮರ್ಪಿತವಾದುದು. ಅಲ್ಲಿಂದ ಸುಮಾರು ಒಂದು ಗಂಟೆಯ ಬಸ್ಸಿನ ದಾರಿಯಲ್ಲಿ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಮೂರ್ತಿಯಿದೆ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಿದೆ. ಒಂದು ಕಡೆ ದೇವರು ಶಿಶುವಾಗಿ ಬಂದನೆಂಬ ನಂಬಿಕೆ, ಇನ್ನೊಂದು ಕಡೆ ಮನುಷ್ಯನೇ ತಪಸ್ಸಿನಿಂದ ಪರಮಾತ್ಮನಾದನೆಂಬ ದರ್ಶನ. ತಲೆಮಾರುಗಳಿಂದ ಒಂದೇ ಸಂತೆಯಲ್ಲಿ ವ್ಯವಹರಿಸಿ, ಮದುವೆ ಮರಣಗಳಲ್ಲಿ ಪರಸ್ಪರ ಮನೆಗೆ ಹೋಗಿಬರುವ ಈ ಎರಡು ಸಮಾಜಗಳು ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ಅರಿತಿವೆ ಎಂಬುದು ವಿಚಾರಿಸಬೇಕಾದ ಮಾತು.

ಈ ಸೀಮೆಯ ಕೊಂಕಣಿ ಕ್ರೈಸ್ತರ ಪೂರ್ವಜರಲ್ಲಿ ಬಹುಮಂದಿ ಹದಿನಾರು, ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಗೋವೆಯಿಂದ ಬಂದವರು. ಅವರು ಬೇಸಾಯದಲ್ಲಿ ನುರಿತವರಾದುದರಿಂದ ಕೆಳದಿಯ ಅರಸರ ಕಾಲದಲ್ಲಿ ಅವರಿಗೆ ಇಲ್ಲಿ ಆಶ್ರಯ ದೊರೆಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು, ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಬದುಕುಳಿದವರು ಹಿಂದಿರುಗಿ ಮತ್ತೆ ಮನೆಮಠ ಕಟ್ಟಿಕೊಂಡರು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಕ್ರೈಸ್ತರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯವು ಸ್ಥಾಪನೆಯಾಯಿತು. ಭಾಷೆ, ಪೂಜಾವಿಧಿಗಳು ಬೇರೆಯಾದರೂ ದೇವರು ಮನುಷ್ಯನಾದನೆಂಬ ನಂಬಿಕೆಯಲ್ಲಿ ಇವರೆಲ್ಲರೂ ಒಂದೇ.

ಆ ನಂಬಿಕೆಯ ಹಿಂದೆ ದೀರ್ಘವಾದ ತತ್ತ್ವವಿಚಾರವಿದೆ. ಕ್ರಿಸ್ತನ ಶರೀರವು ಬರಿಯ ತೋರಿಕೆಯೆಂದು ಆದಿಕಾಲದಲ್ಲೇ ಕೆಲವರು ಹೇಳಿದ್ದರು. ಸಭೆಯು ಅದನ್ನು ಒಪ್ಪಲಿಲ್ಲ. ಅವನು ದೇವರಿಂದ ಸೃಷ್ಟಿಯಾದವನು, ದೇವರಿಗೆ ಸಮಾನನಲ್ಲ ಎಂದು ಏರಿಯಸ್ ವಾದಿಸಿದನು, ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಕೂಡಿದ ಧರ್ಮಾಧ್ಯಕ್ಷರು ಆ ವಾದವನ್ನು ತಿರಸ್ಕರಿಸಿದರು. ಆ ಸಭೆಗೆ 2025ರಲ್ಲಿ 1700 ವರ್ಷಗಳು ತುಂಬಿದವು. 451ರ ಕ್ಯಾಲ್ಸಿಡನ್ ಸಭೆಯು ಕ್ರಿಸ್ತನು ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ. ವ್ಯಕ್ತಿ ಒಬ್ಬನೇ, ಸ್ವಭಾವಗಳು ಎರಡು. ಅವು ಬೆರೆತು ಕೆಡುವುದೂ ಇಲ್ಲ, ಬೇರ್ಪಡುವುದೂ ಇಲ್ಲವೆಂದು ನಿರ್ಣಯಿಸಿತು. ಮಾರ್ಚ್ 25ರಂದು ಗರ್ಭಧಾರಣೆಯ ವಾರ್ತೆಯ ಹಬ್ಬ, ಸರಿಯಾಗಿ ಒಂಬತ್ತು ತಿಂಗಳಿಗೆ ಡಿಸೆಂಬರ್ 25ರಂದು ಜನನದ ಹಬ್ಬ. ಆ ಜನ್ಮವು ನಿಜವಾದ ಮಾನವಜನ್ಮವೆಂಬುದನ್ನು ಪಂಚಾಂಗವೇ ಸಾರುತ್ತದೆ.

ಇದನ್ನು ಕನ್ನಡದಲ್ಲಿ ಹೇಳುವಾಗ ಪದದ ತೊಡಕು ಉಂಟಾಯಿತು. ಕನ್ನಡ ಬೈಬಲಿನ ಅನುವಾದಕರು 'ನರಾವತಾರ' ಎಂಬ ಪದವನ್ನು ಬಳಸಿದರು. ಕಿಟೆಲ್ ಅವರು 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದರು. ಜೈನ ವೈಯಾಕರಣ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿ ಮುದ್ರಿಸಿದವರೂ ಇವರೇ. ಆದರೆ ಅವತಾರವೆಂದೊಡನೆ ಕನ್ನಡಿಗರ ಮನಸ್ಸಿಗೆ ದಶಾವತಾರವು ಬರುತ್ತದೆ. ಯುಗಯುಗದಲ್ಲಿ ಮರಳಿ ಮರಳಿ ಬರುವ ಕಲ್ಪನೆ ಅದು. ಕ್ರೈಸ್ತರ ನಂಬಿಕೆಯಲ್ಲಾದರೋ ಅದು ಒಂದೇ ಬಾರಿ, ರೋಮಿನ ಚಕ್ರವರ್ತಿಗಳ ಆಳ್ವಿಕೆಯ ಒಂದು ನಿರ್ದಿಷ್ಟ ಕಾಲದಲ್ಲಿ ನಡೆದ ಘಟನೆ. ಪೊಂತಿಯಸ್ ಪಿಲಾತನೆಂಬ ಅಧಿಕಾರಿಯ ಹೆಸರು ಇಂದಿಗೂ ಅವರ ವಿಶ್ವಾಸಪ್ರಮಾಣದಲ್ಲಿ ಉಚ್ಚರಿಸಲ್ಪಡುತ್ತದೆ.

ಜೈನರಲ್ಲಿಯೂ ಇದಕ್ಕೆ ಹತ್ತಿರದ ಪದವೊಂದಿದೆ. ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಾವತರಣ ಕಲ್ಯಾಣ. ಜಿನಮಾತೆಯು ಹದಿನಾರು ಸ್ವಪ್ನಗಳನ್ನು ಕಾಣುತ್ತಾಳೆ. ಇಲ್ಲಿಯೂ ಇಳಿದು ಬರುವ ಮಾತಿದೆ, ಉತ್ಸವವಿದೆ. ಆದರೆ ಇಳಿದು ಬರುವವನು ಜಗತ್ಕರ್ತನಾದ ದೇವರಲ್ಲ. ಹಿಂದಿನ ಭವಗಳಲ್ಲಿ ಷೋಡಶಭಾವನೆಗಳನ್ನು ಭಾವಿಸಿ ತೀರ್ಥಂಕರ ನಾಮಕರ್ಮವನ್ನು ಬಂಧಿಸಿಕೊಂಡ ಜೀವವದು. ಅದಕ್ಕೆ ಇನ್ನೂ ಕರ್ಮಶೇಷವಿದೆ, ಮಾಡಬೇಕಾದ ತಪಸ್ಸಿದೆ. ಕರ್ಮಗಳನ್ನೆಲ್ಲ ಕಳೆದು ಸಿದ್ಧನಾದವನು ಮತ್ತೆ ಶರೀರವನ್ನು ಧರಿಸುವುದಿಲ್ಲ. ಹುರಿದ ಬೀಜವು ಮೊಳೆಯದು. ಆದುದರಿಂದ ಪರಿಪೂರ್ಣನಾದವನು ದೇಹವನ್ನು ಧರಿಸಿದನೆಂಬ ಮಾತನ್ನು ಜೈನ ಸಿದ್ಧಾಂತವು ಒಪ್ಪಲಾರದು. ಕರ್ಮವಶನಾಗಿ ಅಲ್ಲ, ಪ್ರೀತಿಯಿಂದ ತಾನಾಗಿ ಬಂದನೆಂದು ಕ್ರೈಸ್ತರು ಉತ್ತರಿಸುತ್ತಾರೆ. ಅದಕ್ಕೆ, ಕರ್ಮವಿಲ್ಲದೆ ಶರೀರವೆಲ್ಲಿಯದು ಎಂದು ಜೈನನು ಮರಳಿ ಕೇಳುತ್ತಾನೆ. ಪ್ರಶ್ನೆ ಅಲ್ಲಿಯೇ ನಿಲ್ಲುತ್ತದೆ.

ಸರ್ವಧರ್ಮ ಸಮ್ಮೇಳನಗಳ ವೇದಿಕೆಯಲ್ಲಿ ಈ ಪ್ರಶ್ನೆಯನ್ನು ಮುಚ್ಚಿ, ಎಲ್ಲವೂ ಒಂದೇ ಎಂದುಬಿಡುವುದು ಸುಲಭ. ಅದು ಸೌಜನ್ಯದಂತೆ ಕಂಡರೂ ಇಬ್ಬರಿಗೂ ಅನ್ಯಾಯವೇ. ಅನೇಕಾಂತವೆಂದರೆ ಭೇದಗಳನ್ನು ಅಳಿಸುವುದಲ್ಲ; ಯಾವ ಮಾತು ಯಾವ ಅಪೇಕ್ಷೆಯಿಂದ ಹೇಳಲ್ಪಟ್ಟಿದೆಯೆಂದು ವಿವೇಚಿಸುವುದು. ನೆರೆಯವನ ತಕ್ಕಡಿಯಲ್ಲಿ ನಮ್ಮ ತೂಕದ ಕಲ್ಲನ್ನಿಟ್ಟು, ಅವನ ಸರಕು ಕಡಿಮೆಯೆನ್ನುವುದು ವ್ಯಾಪಾರದಲ್ಲಿಯೂ ನ್ಯಾಯವಲ್ಲ, ಧರ್ಮದಲ್ಲಿಯೂ ಅಲ್ಲ.

ನಂಬಿಕೆಯ ಬೆಲೆಯು ಆಚರಣೆಯಲ್ಲಿ ಕಾಣುತ್ತದೆ. ದೇವರೇ ಮನುಷ್ಯದೇಹವನ್ನು ಧರಿಸಿದನೆಂದು ನಂಬಿದವರಿಗೆ ರೋಗಿಯ ದೇಹವೂ ತಿರಸ್ಕಾರ್ಯವಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಔಷಧ ಹಂಚತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದರು. ಜೈನ ಶ್ರಾವಕನಿಗೆ ವಿಹಿತವಾದ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಪ್ರತಿಯೊಂದು ಜೀವದಲ್ಲಿಯೂ ಪರಮಾತ್ಮನಾಗುವ ಶಕ್ತಿಯಿದೆಯೆಂಬುದು ಅದಕ್ಕೆ ಆಧಾರ. ಕಾರಣಗಳು ಬೇರೆ, ಮದ್ದು ಕುಡಿದ ರೋಗಿಗೆ ದೊರೆತ ಶಮನವು ಒಂದೇ.

ಬಸದಿಯ ಆಡಳಿತ ಮಂಡಳಿಗಳು ಪರಮತದ ವಿದ್ವಾಂಸರನ್ನು ಆಮಂತ್ರಿಸಿದಾಗ ಕೇವಲ ಶುಭಾಶಯ ಭಾಷಣವನ್ನು ಬಯಸದೆ, ಅವರು ನಂಬುವುದನ್ನು ಅವರದೇ ಮಾತಿನಲ್ಲಿ ವಿವರಿಸಲು ಅವಕಾಶ ಕೊಡುವುದು ಉಚಿತ. ಅನಂತರ ಜಿನಮತವು ಎಲ್ಲಿ, ಏಕೆ ಭಿನ್ನವೆಂಬುದನ್ನು ನಮ್ಮ ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಬೇಕು. ಭೇದವನ್ನು ಅರಿತು ಬೆಳೆದ ಸ್ನೇಹವು ಸುಲಭವಾಗಿ ಮುರಿಯುವುದಿಲ್ಲ.